ಇಲಿಯಾಸ್ ಪಾಷಾ

ಇಲಿಯಾಸ್ ಪಾಷಾ ಬೆಂಗಳೂರಿನ ಫುಟ್‌ಬಾಲ್ ಆಟಗಾರ. 1990ರ ದಶಕದ ಭಾರತೀಯ ಫುಟ್‌ಬಾಲ್‌ನಲ್ಲಿ ರೈಟ್ ಬ್ಯಾಕ್ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದು. ಕರ್ನಾಟಕದಲ್ಲಿ ಆಟ ಕಲಿತರೂ ಹೆಸರು ಗಳಿಸಿದ್ದು ಕೋಲ್ಕತ್ತದಲ್ಲಿ. ಒಂದು ವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಆಡಿ, 1990ರಲ್ಲಿ ಈಸ್ಟ್ ಬೆಂಗಾಲ್ ಸೇರಿದವರು ಆ ದಶಕವನ್ನು ಅಲ್ಲಿಯೇ ಕಳೆದರು. 1993–94ರ ಋತುವಿನಲ್ಲಿ ಅದರ ನಾಯಕರಾಗಿದ್ದರು. ಭಾರತದ ಪರ ಎಂಟು ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದ್ದಾರೆ.

ಕೋಲ್ಕತ್ತದ ಮೈದಾನಗಳಲ್ಲಿ ಮನೆಮಾತಾಗಿದ್ದ ಈ ಹೆಸರು ಕರ್ನಾಟಕದಲ್ಲಿ ಅಷ್ಟಾಗಿ ಕೇಳಿಬರಲಿಲ್ಲ. ಅದಕ್ಕೆ ಎರಡು ಕಾರಣ. ಒಂದು, ಆಗ ಇಲ್ಲಿನ ಪತ್ರಿಕೆಗಳ ಕ್ರೀಡಾಪುಟ ಕ್ರಿಕೆಟ್‌ಗೆ ಮೀಸಲಾಗಿತ್ತು. ಇನ್ನೊಂದು, ಅವರು ಆಡುತ್ತಿದ್ದ ಜಾಗ. ಗೋಲು ಹೊಡೆದವನ ಹೆಸರು ಸುದ್ದಿಯ ಮೊದಲ ಸಾಲಿನಲ್ಲಿ ಬರುತ್ತದೆ. ಗೋಲಾಗದಂತೆ ನೋಡಿಕೊಂಡ ಫುಲ್ ಬ್ಯಾಕ್‌ನದು ಕೊನೆಯಲ್ಲಿ, ತಂಡದ ಪಟ್ಟಿಯಲ್ಲಿ ಮಾತ್ರ.

ಬೆಂಗಳೂರಿನಿಂದ ಕೋಲ್ಕತ್ತಕ್ಕೆ

ಪಾಷಾ ಬೆಂಗಳೂರಿನ ವಿನಾಯಕ ಫುಟ್‌ಬಾಲ್ ಕ್ಲಬ್‌ನಲ್ಲಿ ಆಟ ಶುರುಮಾಡಿ, ಅಲ್ಲಿಂದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ತಂಡಕ್ಕೆ ಹೋದರು. 1948ರಲ್ಲಿ ಸ್ಥಾಪನೆಯಾದ, ದೂರವಾಣಿನಗರದ ಈ ಕಾರ್ಖಾನೆಯಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳೇ ಆ ಕಾಲದ ಬೆಂಗಳೂರು ಫುಟ್‌ಬಾಲ್‌ನ ಬೆನ್ನೆಲುಬು. ಹಗಲು ಕೆಲಸ, ಸಂಜೆ ಅಭ್ಯಾಸ, ತಿಂಗಳ ಕೊನೆಗೆ ಸಂಬಳ. ಆಟವನ್ನೇ ನಂಬಿ ಬದುಕಲಾಗದ ದಿನಗಳಲ್ಲಿ ಆಟಗಾರನ ಮನೆ ನಡೆಯುತ್ತಿದ್ದುದು ಹೀಗೆ. 1987ರಲ್ಲಿ ಕೋಲ್ಕತ್ತದಲ್ಲೂ 1988ರಲ್ಲಿ ಕೊಲ್ಲಂನಲ್ಲೂ ನಡೆದ ಸಂತೋಷ್ ಟ್ರೋಫಿಗಳಲ್ಲಿ ಪಾಷಾ ಕರ್ನಾಟಕದ ಪರ ಆಡಿದರು.

1989ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಲು ಅವರು ಹಿಡಿದದ್ದು ಬೆಂಗಳೂರಿನವರಿಗೆ ಹಳೆಯ ದಾರಿ. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಒಬ್ಬರಾಗಿ ಮೆರೆದಿದ್ದರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಆಡಿದ್ದರು. ಪಾಷಾಗಿಂತ ಸ್ವಲ್ಪ ಮೊದಲು ಬಾಬು ಮಣಿ, ಅನಂತರ ಕಾರ್ಲ್ಟನ್ ಚಾಪ್ಮನ್ ಅಲ್ಲಿ ಹೆಸರು ಮಾಡಿದರು. ಇವರೆಲ್ಲ ಮುಂಚೂಣಿಯಲ್ಲೋ ಮಧ್ಯಮೈದಾನದಲ್ಲೋ ಆಡಿದವರು. ಈ ಸಾಲಿನಲ್ಲಿ ರಕ್ಷಕನೆಂದರೆ ಪಾಷಾ ಒಬ್ಬರೇ.

ಆಟದ ಶೈಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಬಯಲೆಂದರೆ ಕಬಡ್ಡಿ, ವಾಲಿಬಾಲ್. ಆ ಕಡೆಯವರಿಗೆ ಫುಲ್ ಬ್ಯಾಕ್‌ನ ಕೆಲಸ ತಿಳಿಯಬೇಕಾದರೆ ಕಬಡ್ಡಿಯ ಬಲಮೂಲೆಯ ಆಟಗಾರನನ್ನು ನೆನೆದರೆ ಸಾಕು. ರೈಡರ್ ಹತ್ತಿರ ಬಂದ ಕೂಡಲೇ ಅವನು ಪಾದಕ್ಕೆ ಕೈಹಾಕುವುದಿಲ್ಲ. ಅವಸರ ಮಾಡಿದರೆ ತಾನೇ ಔಟು, ತಡ ಮಾಡಿದರೆ ಎದುರಾಳಿಗೆ ಅಂಕ. ಎದುರಾಳಿಯ ಭಾರ ಯಾವ ಕಾಲಿಗೆ ಬಿತ್ತು ಎಂದು ಕಂಡ ಆ ಒಂದು ಕ್ಷಣದಲ್ಲಿ ಹಿಡಿತ ಬೀಳಬೇಕು. ಎದುರು ತಂಡದ ಲೆಫ್ಟ್ ವಿಂಗರ್‌ನ ಮುಂದೆ ನಿಂತ ರೈಟ್ ಬ್ಯಾಕ್‌ನದೂ ಇದೇ ಲೆಕ್ಕಾಚಾರ. ವ್ಯತ್ಯಾಸವೆಂದರೆ, ಅವನ ಬೆನ್ನ ಹಿಂದೆ ನಲವತ್ತು ಗಜ ಖಾಲಿ ಜಾಗ ಬಿದ್ದಿರುತ್ತದೆ.

ಪಾಷಾ ಹೆಸರಾಗಿದ್ದು ಗಟ್ಟಿ ಟ್ಯಾಕಲ್‌ಗೆ, ಅದಕ್ಕಿಂತ ಹೆಚ್ಚಾಗಿ ನೆಚ್ಚಿಕೊಳ್ಳಬಹುದಾದ ಆಟಕ್ಕೆ. ಈ ಎರಡನೆಯ ಗುಣವನ್ನು ಹೊಗಳಿಕೆಯ ಸವಕಲು ಮಾತೆಂದು ತಳ್ಳಿಹಾಕುವಂತಿಲ್ಲ. ಕಲ್ಕತ್ತಾ ಲೀಗ್ ನಡೆಯುತ್ತಿದ್ದುದು ಬಹುಪಾಲು ಮಳೆಗಾಲದಲ್ಲಿ. ಕೆಸರಿನಲ್ಲಿ ಚೆಂಡು ತಟ್ಟನೆ ನಿಲ್ಲುತ್ತದೆ, ಜಾರಿ ಟ್ಯಾಕಲ್ ಮಾಡಿದವನು ನಿಲ್ಲುವುದಿಲ್ಲ. ವಿಂಗರ್ ಪಕ್ಕಕ್ಕೆ ಸರಿದರೆ ಜಾರಿದವನು ಗೆರೆ ದಾಟಿ ಪ್ರೇಕ್ಷಕರ ಕಾಲಬುಡಕ್ಕೆ ಹೋಗಿ ಬೀಳುತ್ತಾನೆ, ಚೆಂಡು ಇತ್ತ ಗೋಲಿನ ಮುಂದಿರುತ್ತದೆ. ಅಂಥ ನೆಲದಲ್ಲಿ ಬುದ್ಧಿವಂತ ಫುಲ್ ಬ್ಯಾಕ್ ಕಾಲಮೇಲೆಯೇ ನಿಂತಿರುತ್ತಾನೆ. ಮೈಯನ್ನು ಅರ್ಧ ತಿರುಗಿಸಿ, ಒಳಗಿನ ದಾರಿ ಮುಚ್ಚಿ, ವಿಂಗರ್‌ನನ್ನು ಟಚ್‌ಲೈನ್ ಕಡೆಗೆ ದೂಡುತ್ತಾ ಹೋಗುತ್ತಾನೆ. ಕ್ರಾಸ್ ಹೊಡೆಯಲು ಅವನು ಕಾಲೆತ್ತಿದಾಗ ಅಡ್ಡ ಬರುತ್ತಾನೆ. ನೋಡಲು ಇದರಲ್ಲಿ ಅಬ್ಬರವಿಲ್ಲ. ಗ್ಯಾಲರಿ ಚಪ್ಪಾಳೆ ತಟ್ಟುವುದು ಜಾರಿ ಬಿದ್ದವನಿಗೇ.

ಈಸ್ಟ್ ಬೆಂಗಾಲ್‌ನ ಮೊದಲ ದಿನಗಳಲ್ಲಿ ಪಾಷಾಗೆ ಸಿಕ್ಕ ತರಬೇತುದಾರ ಹೈದರಾಬಾದಿನ ಸೈಯದ್ ನಯೀಮುದ್ದೀನ್. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಭಾರತ ತಂಡದ ನಾಯಕ, ಸ್ವತಃ ರಕ್ಷಕ, ಶಿಸ್ತು ಮತ್ತು ದೈಹಿಕ ಸಾಮರ್ಥ್ಯದ ವಿಷಯದಲ್ಲಿ ರಾಜಿಯಾಗದ ಮನುಷ್ಯ. ರಕ್ಷಕನೊಬ್ಬ ರಕ್ಷಕನನ್ನು ಅಳೆಯುವಾಗ ಮುಲಾಜಿಗೆ ಜಾಗವಿರುವುದಿಲ್ಲ. ನಯೀಮ್ ಅವರ ತಂಡದಲ್ಲಿ ನೆಲೆನಿಂತದ್ದನ್ನು ಪಾಷಾಗೆ ಸಂದ ದೊಡ್ಡ ಪ್ರಮಾಣಪತ್ರವೆಂದೇ ಓದಬೇಕು.

ಪಾಷಾ ಆಡಿದ ಕಾಲದ ಇನ್ನೊಂದು ಸಂಗತಿಯನ್ನು ಮರೆತರೆ ಅವರ ಆಟದ ಅಂದಾಜು ತಪ್ಪುತ್ತದೆ. 1992ರಲ್ಲಿ ಫುಟ್‌ಬಾಲ್‌ನ ನಿಯಮವೊಂದು ಬದಲಾಯಿತು: ಜೊತೆ ಆಟಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ಅದುವರೆಗೆ ಒತ್ತಡಕ್ಕೆ ಸಿಕ್ಕ ಫುಲ್ ಬ್ಯಾಕ್‌ಗೆ ಇದ್ದ ಅತಿ ಸುಲಭದ ಉಪಾಯ ಅದೇ. ತಿರುಗಿ ಕೀಪರ್‌ಗೆ ತಳ್ಳಿದರೆ ಅವನು ಎತ್ತಿಕೊಂಡು, ಎರಡು ಹೆಜ್ಜೆ ಇಟ್ಟು, ಎಲ್ಲರೂ ಉಸಿರು ಬಿಡುವಷ್ಟು ಹೊತ್ತು ಕಳೆಯುತ್ತಿದ್ದ. ನಿಯಮ ಬದಲಾದ ಮೇಲೆ ರಕ್ಷಕನಿಗೂ ಚೆಂಡನ್ನು ಹತೋಟಿಗೆ ತಂದು, ತಲೆಯೆತ್ತಿ ನೋಡಿ, ಪಾಸ್ ಕೊಡುವ ಕಲೆ ಬೇಕಾಯಿತು. ಹಳೆಯ ಆಟದಲ್ಲಿ ಪಳಗಿದ ಎಷ್ಟೋ ರಕ್ಷಕರಿಗೆ ಇದು ತಲೆನೋವಾಯಿತು. ಪಾಷಾ ಅವರ ಈಸ್ಟ್ ಬೆಂಗಾಲ್ ದಿನಗಳು ಈ ಬದಲಾವಣೆಯ ಎರಡೂ ಕಡೆ ಹರಡಿವೆ. ಅವರು ನಾಯಕರಾದ ಋತು ಹೊಸ ನಿಯಮ ಬಂದ ಮರುವರ್ಷದ್ದು. ಹಳೆಯ ಪಾಠದ ಮೇಲೆ ಹೊಸ ಪಾಠ ಕಲಿತ ಆಟಗಾರ ಎಂಬ ತೀರ್ಮಾನಕ್ಕೆ ಇದೇ ಆಧಾರ.

ಅವರನ್ನು ಇಂದಿನ ಫುಲ್ ಬ್ಯಾಕ್‌ಗಳ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಈಗಿನವರು ಅರ್ಧ ವಿಂಗರ್‌ಗಳು. ಎಷ್ಟು ಗೋಲಿಗೆ ನೆರವಾದರು ಎಂಬುದರ ಮೇಲೆ ಬೆಲೆ ಕಟ್ಟಿಸಿಕೊಳ್ಳುವವರು. 1990ರ ದಶಕದ ಕೋಲ್ಕತ್ತದಲ್ಲಿ ಫುಲ್ ಬ್ಯಾಕ್ ಓವರ್‌ಲ್ಯಾಪ್‌ಗೆ ಹೋದರೆ ಸಂತೋಷ, ಹೊತ್ತಿಗೆ ಸರಿಯಾಗಿ ವಾಪಸು ಬರದಿದ್ದರೆ ಮಾತ್ರ ರಾದ್ಧಾಂತ. ಮುನ್ನುಗ್ಗುವ ಆಟ ತಿರುಗುಬಾಣವಾಗುವುದು ಹೇಗೆಂಬುದಕ್ಕೆ ಆ ದಶಕದ ಅತಿ ಪ್ರಸಿದ್ಧ ಪಂದ್ಯವೇ ಸಾಕ್ಷಿ. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್. ಪ್ರೇಕ್ಷಕರು 1,31,781. ಮೋಹನ್ ಬಾಗಾನ್‌ನ ತರಬೇತುದಾರ ಅಮಲ್ ದತ್ತ ಅವರ ‘ಡೈಮಂಡ್’ ವ್ಯೂಹ ಎದುರಾಳಿಗಳನ್ನೆಲ್ಲ ಗುಡಿಸಿ ಹಾಕುತ್ತ ಬಂದಿತ್ತು. ಪಿ.ಕೆ. ಬ್ಯಾನರ್ಜಿ ಅವರ ಈಸ್ಟ್ ಬೆಂಗಾಲ್ ಆ ದಿನ 4–1ರಿಂದ ಗೆದ್ದಿತು. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದರು. ಆ ಸಂಜೆಯನ್ನು ಜನ ಬೈಚುಂಗ್ ಹೆಸರಿನಲ್ಲಿ ನೆನೆಯುತ್ತಾರೆ, ಅದು ಸರಿಯೇ. ಡೈಮಂಡ್‌ಗೆ ಒಂದೇ ಗೋಲು ಬಿಟ್ಟುಕೊಟ್ಟ ರಕ್ಷಣಾ ಸಾಲಿನ ಮಾತು ಎತ್ತುವವರು ಕಡಿಮೆ.

1993ರ ನಾಯಕತ್ವ

ಪಾಷಾ ನಾಯಕರಾದ ಋತುವಿನಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್ ಮತ್ತು ಡ್ಯುರಾಂಡ್ ಕಪ್ ಗೆದ್ದಿತು. ಕಠ್ಮಂಡುವಿಗೆ ಹೋಗಿ ವಾಯ್ ವಾಯ್ ಕಪ್ ತಂದಿತು. ವಿದೇಶದ ನೆಲದಲ್ಲಿ ಕ್ಲಬ್ ಗೆದ್ದ ಮೊದಲ ಟ್ರೋಫಿ ಅದು. 2003ರಲ್ಲಿ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದ ಮೇಲೆ ಕಠ್ಮಂಡುವಿನ ಗೆಲುವು ಮಸುಕಾಯಿತು. ಆದರೂ ಆ ದಾರಿಯಲ್ಲಿ ಮೊದಲು ಕಾಲಿಟ್ಟ ತಂಡದ ನಾಯಕ ಪಾಷಾ.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡ ಕೋಲ್ಕತ್ತಕ್ಕೆ ಬಂತು. ಇರಾಕ್ ಆಗ ಏಷ್ಯಾದ ಬಲಿಷ್ಠ ಫುಟ್‌ಬಾಲ್ ದೇಶಗಳಲ್ಲಿ ಒಂದು. ಅಲ್ ಜವ್ರಾ ಅಲ್ಲಿನ ಮುಂಚೂಣಿಯ ಕ್ಲಬ್. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಆ ವರ್ಷವಷ್ಟೇ ಟಾಟಾ ಫುಟ್‌ಬಾಲ್ ಅಕಾಡೆಮಿಯಿಂದ ಬಂದಿದ್ದ ಕಾರ್ಲ್ಟನ್ ಚಾಪ್ಮನ್ ಹ್ಯಾಟ್ರಿಕ್ ಬಾರಿಸಿದರು. ನಾಯಕ ಬೆಂಗಳೂರಿನವರು, ಹ್ಯಾಟ್ರಿಕ್ ವೀರನೂ ಬೆಂಗಳೂರಿನ ಹುಡುಗ, ಗೆದ್ದದ್ದು ಬಂಗಾಳದ ಕ್ಲಬ್. ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಬರೆಯುವವರು ಈ ಪಂದ್ಯಕ್ಕೆ ಒಂದು ಪುಟ ಕೊಡಲೇಬೇಕು. ಭಾರತದ ಕ್ಲಬ್ಬೊಂದು ಪಶ್ಚಿಮ ಏಷ್ಯಾದ ತಂಡಕ್ಕೆ ಆರು ಗೋಲು ಹೊಡೆಯುವುದು ಪದೇ ಪದೇ ನಡೆಯುವ ಸಂಗತಿಯಲ್ಲ.

ಕ್ಲಬ್‌ನಲ್ಲಿ ಅವರ ಸ್ಥಾನ

1990ರಲ್ಲಿ ಪಾಷಾ ಸೇರಿದ ವರ್ಷವೇ ಈಸ್ಟ್ ಬೆಂಗಾಲ್ ಐಎಫ್‌ಎ ಶೀಲ್ಡ್, ಡ್ಯುರಾಂಡ್, ರೋವರ್ಸ್ ಮೂರನ್ನೂ ಗೆದ್ದು ತ್ರಿವಳಿ ಕಿರೀಟ ತೊಟ್ಟಿತು. ಮುಂದೆ ಅವರು ಕ್ಲಬ್‌ನಲ್ಲಿದ್ದ ಅವಧಿಯಲ್ಲಿ ತಂಡಕ್ಕೆ ಬಂದ ದೊಡ್ಡ ಪ್ರಶಸ್ತಿಗಳು ಇವು: ಕಲ್ಕತ್ತಾ ಲೀಗ್ 1991, 1993, 1995, 1996, 1998; ಶೀಲ್ಡ್ 1991, 1994, 1995, 1997; ಡ್ಯುರಾಂಡ್ 1991, 1993, 1995; ರೋವರ್ಸ್ 1994; ಫೆಡರೇಷನ್ ಕಪ್ 1996. ಬಂಗಾಳದ ಪರ ಸಂತೋಷ್ ಟ್ರೋಫಿ ಗೆದ್ದ ತಂಡಗಳಲ್ಲೂ ಅವರಿದ್ದರು. ಒಂದು ಕಾಲಕ್ಕೆ ಇದೇ ಟ್ರೋಫಿಯಲ್ಲಿ ಕರ್ನಾಟಕದ ಅಂಗಿ ತೊಟ್ಟಿದ್ದವರು.

ಈ ಪಟ್ಟಿಗಿಂತ ಹೆಚ್ಚಾಗಿ ಬೆಂಬಲಿಗರು ನೆನೆಯುವುದು ಅವರು ಉಳಿದುಕೊಂಡದ್ದನ್ನು. ಕೋಲ್ಕತ್ತದಲ್ಲಿ ಆಗ ವರ್ಷಕ್ಕೊಮ್ಮೆ ಆಟಗಾರರ ವರ್ಗಾವಣೆಯ ಹಬ್ಬ. ಕ್ಲಬ್‌ನ ದಳ್ಳಾಳಿಗಳು ಹೆಸರಾಂತ ಆಟಗಾರರನ್ನು ಎಲ್ಲೋ ಬಚ್ಚಿಟ್ಟು, ಸಹಿಯ ದಿನ ಕಾವಲಿನಲ್ಲಿ ಬಂಗಾಳದ ಫುಟ್‌ಬಾಲ್ ಸಂಸ್ಥೆಯಾದ ಐಎಫ್‌ಎ ಕಚೇರಿಗೆ ಕರೆತರುತ್ತಿದ್ದ ಕಥೆಗಳು ಆ ನಗರದ ಜಾನಪದವೇ ಆಗಿಹೋಗಿವೆ. ಈಸ್ಟ್ ಬೆಂಗಾಲ್‌ನ ಕಣ್ಮಣಿಯಾಗಿದ್ದ ಕೃಶಾನು ದೇ ಕೂಡ 1990ರ ದಶಕದ ಆರಂಭದಲ್ಲಿ ಮೋಹನ್ ಬಾಗಾನ್‌ಗೆ ಹೋದರು. ಚೀಮಾ ಒಕೋರಿಯೂ ಹೋದರು. ಆ ಗದ್ದಲದ ನಡುವೆ, ಭಾಷೆಯಾಗಲಿ ನೆಂಟಸ್ತಿಕೆಯಾಗಲಿ ಇಲ್ಲದ ಊರಿನಲ್ಲಿ, ಹೊರರಾಜ್ಯದ ಆಟಗಾರನೊಬ್ಬ ಕೆಂಪು–ಹಳದಿಯನ್ನೇ ನೆಚ್ಚಿಕೊಂಡು ನಿಂತದ್ದು ಸಣ್ಣ ಮಾತಲ್ಲ.

ಈಸ್ಟ್ ಬೆಂಗಾಲ್‌ನ ಬೆಂಬಲಿಗ ಬಳಗಕ್ಕೆ ಅದರ ಬೆಲೆ ಚೆನ್ನಾಗಿ ಗೊತ್ತಿತ್ತು. 1920ರ ಆಗಸ್ಟ್ 1ರಂದು ಹುಟ್ಟಿದ ಈ ಕ್ಲಬ್ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದವರ ಹೆಮ್ಮೆಯಾಗಿ ಬೆಳೆಯಿತು. ಮೋಹನ್ ಬಾಗಾನ್ ವಿರುದ್ಧದ ಡರ್ಬಿ ಗೆದ್ದ ದಿನ ಆ ಮನೆಗಳಲ್ಲಿ ಇಲಿಶ್ ಮೀನಿನ ಅಡುಗೆ. ಮೋಹನ್ ಬಾಗಾನ್ ಗೆದ್ದರೆ ಅತ್ತಕಡೆ ಸಿಗಡಿ. (ಮೀನಿನ ಮೇಲಿನ ಈ ಜಗಳ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಊರು ಬಿಟ್ಟು ಬಂದವರ ಕ್ಲಬ್‌ಗೆ ಊರು ಬಿಟ್ಟು ಬಂದ ಆಟಗಾರ ಹತ್ತಿರದವನಾದದ್ದರಲ್ಲಿ ಆಶ್ಚರ್ಯವಿಲ್ಲ.

ಭಾರತ ತಂಡದಲ್ಲಿ

1987ರ ಜನವರಿ 27ರಂದು ಕೋಝಿಕ್ಕೋಡಿನ ನೆಹರೂ ಕಪ್‌ನಲ್ಲಿ ಬಲ್ಗೇರಿಯ ವಿರುದ್ಧ ಮೊದಲ ಪಂದ್ಯ. 1991ರಲ್ಲಿ ತಿರುವನಂತಪುರದ ನೆಹರೂ ಕಪ್ ಹಾಗೂ ದಕ್ಷಿಣ ಏಷ್ಯಾ ಕ್ರೀಡಾಕೂಟ, ಬಳಿಕ 1992ರ ಏಷ್ಯನ್ ಕಪ್‌ನ ಅರ್ಹತಾ ಸುತ್ತು. ಒಟ್ಟು ಎಂಟು ಪಂದ್ಯ. ಕ್ಲಬ್ ಮಟ್ಟದಲ್ಲಿ ಇಷ್ಟು ಆಡಿ ಗೆದ್ದವರಿಗೆ ಎಂಟು ಎಂಬುದು ತೀರ ಕಡಿಮೆ. ಆಗ ಭಾರತ ತಂಡಕ್ಕೆ ಅಂತರರಾಷ್ಟ್ರೀಯ ಪಂದ್ಯಗಳೇ ವಿರಳವಾಗಿದ್ದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದೊರೆಯದೆ ಹೋದದ್ದು

ರಾಷ್ಟ್ರೀಯ ಲೀಗ್ ಪ್ರಶಸ್ತಿ ಪಾಷಾ ಕೈಗೆ ಬರಲಿಲ್ಲ. ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದೇ 1996–97ರಲ್ಲಿ, ಅವರ ಆಟದ ಸಂಜೆಯ ಹೊತ್ತಿಗೆ. ಮೊದಲ ಮೂರು ಋತುಗಳಲ್ಲಿ ಜೆಸಿಟಿ, ಮೋಹನ್ ಬಾಗಾನ್, ಸಾಲ್ಗಾಂವ್‌ಕರ್ ಗೆದ್ದವು. 1998–99ರಲ್ಲಿ ಈಸ್ಟ್ ಬೆಂಗಾಲ್ ಎರಡನೇ ಸ್ಥಾನಕ್ಕೆ ನಿಂತಿತು. ಅಂಕಿಅಂಶ ನೋಡಿ ಆಟಗಾರರನ್ನು ಸಾಲಾಗಿ ನಿಲ್ಲಿಸುವವರ ಕಣ್ಣಿಗೆ ಪಾಷಾ ಬೀಳದಿರುವುದಕ್ಕೆ ಇದೂ ಒಂದು ಕಾರಣ. ಶೀಲ್ಡ್, ರೋವರ್ಸ್‌ಗಳಂಥ ಟೂರ್ನಿಗಳ ತೂಕ ಇಂದಿನ ಓದುಗರಿಗೆ ಮರೆತುಹೋಗಿದೆ. ಲೀಗ್ ಇಲ್ಲದ ಕಾಲದಲ್ಲಿ ದೇಶದ ಶ್ರೇಷ್ಠ ತಂಡ ಯಾವುದೆಂದು ತೀರ್ಮಾನವಾಗುತ್ತಿದ್ದುದು ಅಲ್ಲಿಯೇ. ಈಸ್ಟ್ ಬೆಂಗಾಲ್ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದದ್ದು 2000–01ರಲ್ಲಿ. ಆಗ ತಂಡದ ನಾಯಕ ಮತ್ತೊಬ್ಬ ಬೆಂಗಳೂರಿನವರು, ಕಾರ್ಲ್ಟನ್ ಚಾಪ್ಮನ್.