ರೇಡಿಯೊ ಹೊರಗಿಟ್ಟ ಪೆಟ್ಟಿಗೆ

ನಮ್ಮ ಬೀದಿಯ ರಾಮಮಂದಿರದಲ್ಲಿ ಶನಿವಾರದ ಭಜನೆ ಶುರುವಾಗೋದೇ ಹಾರ್ಮೋನಿಯಂ ಶ್ರುತಿಯಿಂದ. ಅದು ನಮ್ಮದೇ ಹಳೇ ವಾದ್ಯ ಅಂದ್ಕೊಂಡಿದ್ದೆ. ಅಲ್ಲ. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ, ಕಾಲಲ್ಲಿ ತುಳಿದು ನುಡಿಸೋ ವಾದ್ಯ. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಗಾಳಿ ಹಾಕ್ತಾ ಇನ್ನೊಂದರಲ್ಲಿ ನುಡಿಸೋ ಹಾಗೆ ಅದನ್ನು ಬದಲಿಸಿದ್ದು ಕಲ್ಕತ್ತದ ದ್ವಾರಕಾನಾಥ ಘೋಷ್ ಅವರಂಥ ತಯಾರಕರು.

1940ರಲ್ಲಿ ಆಲ್ ಇಂಡಿಯಾ ರೇಡಿಯೊ ಈ ಪೆಟ್ಟಿಗೆಯನ್ನೇ ನಿಷೇಧಿಸಿತು. ಅದರ ಸ್ವರಗಳು ಒಂದರಿಂದ ಇನ್ನೊಂದಕ್ಕೆ ಜಾರಲ್ಲ, ಗಮಕ ಬರಲ್ಲ ಅನ್ನೋದು ದೂರು. ನಿಷೇಧ ಸಡಿಲವಾಗಿದ್ದು 1971ರಲ್ಲಿ. ದೂರು ಸುಳ್ಳೇನಲ್ಲ. ಆದ್ರೆ ಭಜನೆಗೆ ಬರೋರು ಯಾರು? ಕಿರಾಣಿ ಅಂಗಡಿಯವರು, ಹೂವು ಮಾರೋ ಅಜ್ಜಿ, ಮತ್ತೆ ನಾನು. ಬಿ.ಕಾಂ ಓದಿದ ನನಗೆ ಲೆಕ್ಕ ಬರುತ್ತೆ, ಶ್ರುತಿ ಬರಲ್ಲ. ಸ್ವರ ಅಲುಗಾಡದೆ ನಿಂತರೇನೇ ನಮ್ಮಂಥವರು ಹಾಡೋಕಾಗೋದು.

ಈಗ ಪೆಟ್ಟಿಗೆಯ ತಿದಿ ಹರಿದಿದೆ. "ಮೊಬೈಲಲ್ಲಿ ಟ್ರ್ಯಾಕ್ ಹಾಕೋಣ" ಅಂತಾರೆ ಕಮಿಟಿಯವರು. ಟ್ರ್ಯಾಕ್ ಯಾರಿಗೂ ಕಾಯಲ್ಲ. ಅಜ್ಜಿ ಸಾಲು ಮರೆತರೆ ಪೆಟ್ಟಿಗೆ ನುಡಿಸೋರು ಅದೇ ಸ್ವರ ಹಿಡಿದು ಕಾಯ್ತಾರೆ. ರಿಪೇರಿಗೆ ಚಂದಾ ಎತ್ತುತ್ತಿದ್ದೀವಿ, ಪಟ್ಟಿ ಬರೆಯೋನು ನಾನೇ.