ಅಣುವಿದ್ಯುತ್ ಸ್ಥಾವರಗಳ ಪಂಪು ತಯಾರಿಕೆ: ಗುಣಮಟ್ಟ ತಪಾಸಣೆಯ ಚಾರಿತ್ರಿಕ ನೆಲೆಗಳು

ತಂತ್ರಜ್ಞಾನದ ಇತಿಹಾಸವೆಂದರೆ ಬಹುಮಟ್ಟಿಗೆ ಆವಿಷ್ಕಾರಗಳ ಇತಿಹಾಸ ಎಂಬ ಭಾವನೆ ನಮ್ಮಲ್ಲಿ ರೂಢಿಗೊಂಡಿದೆ. ಯಂತ್ರವನ್ನು ಮೊದಲು ಕಲ್ಪಿಸಿದವರ ಮತ್ತು ಕಟ್ಟಿದವರ ಹೆಸರುಗಳು ದಾಖಲಾಗುತ್ತವೆ. ಅದನ್ನು ಅಳೆದು, ಬಿರುಕು ಹುಡುಕಿ, ಒಪ್ಪತಕ್ಕದ್ದಲ್ಲವೆಂದು ಬರೆದು ಹಿಂದಿರುಗಿಸಿದವರ ಕೆಲಸ ಮಾತ್ರ ಕಾರ್ಖಾನೆಯ ಕಡತಗಳಲ್ಲೇ ಉಳಿದುಬಿಡುತ್ತದೆ. ಅಣುವಿದ್ಯುತ್ ಸ್ಥಾವರಗಳಿಗೆ ಬೇಕಾದ ಪಂಪುಗಳ ತಯಾರಿಕೆಯಲ್ಲಿ ಗುಣಮಟ್ಟ ತಪಾಸಣೆ ಹೇಗೆ ರೂಪುಗೊಂಡಿತು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಸಿದ್ಧವಸ್ತುವಿನ ಕೊನೆಯ ಪರೀಕ್ಷೆಯಾಗಿದ್ದ ತಪಾಸಣೆಯು ಕ್ರಮೇಣ ತಯಾರಿಕೆಯ ಪ್ರತಿಯೊಂದು ಹಂತದ ಲಿಖಿತ ಸಾಕ್ಷ್ಯವಾಗಿ ಬೆಳೆಯಿತು. ಆ ಸಾಕ್ಷ್ಯದ ಬೆಲೆಯು ಸಹಿ ಹಾಕುವ ವ್ಯಕ್ತಿಯ ಸ್ವಾತಂತ್ರ್ಯವನ್ನು ಅವಲಂಬಿಸಿದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಪಂಪಿನ ಹೊಣೆ

ಪಂಪು ಅತ್ಯಂತ ಹಳೆಯ ಯಂತ್ರಗಳಲ್ಲೊಂದು. ಹೊಲಕ್ಕೆ ನೀರೆತ್ತುವ ಪಂಪು ಕೆಟ್ಟರೆ ಬೆಳೆಗೆ ಒಂದೆರಡು ದಿನ ನೀರು ತಪ್ಪಬಹುದು. ರಿಯಾಕ್ಟರಿನ ಪಂಪು ಕೆಟ್ಟರೆ ಅಷ್ಟು ಕಾಲಾವಕಾಶ ಇರುವುದಿಲ್ಲ. ವಿದಳನ ಕ್ರಿಯೆಯನ್ನು ನಿಲ್ಲಿಸಿದ ಮೇಲೂ ಇಂಧನದಲ್ಲಿ ಉಳಿದ ವಿಕಿರಣಶೀಲ ವಸ್ತುಗಳು ಶಾಖವನ್ನು ಬಿಡುತ್ತಲೇ ಇರುತ್ತವೆ. ಸ್ಥಗಿತಗೊಂಡ ಕ್ಷಣದಲ್ಲಿ ಇದು ಪೂರ್ಣ ಉಷ್ಣಶಕ್ತಿಯ ಶೇಕಡಾ 6ಕ್ಕೂ ಹೆಚ್ಚಿರುತ್ತದೆ. 220 ಮೆಗಾವ್ಯಾಟ್ ವಿದ್ಯುತ್ತಿನ ಭಾರತೀಯ ರಿಯಾಕ್ಟರಿನ ಉಷ್ಣಶಕ್ತಿ ಸುಮಾರು 750 ಮೆಗಾವ್ಯಾಟ್ ಎಂದು ತೆಗೆದುಕೊಂಡರೆ, ‘ನಿಂತಿದೆ’ ಎನ್ನಲಾದ ರಿಯಾಕ್ಟರಿನಿಂದಲೂ ಆರಂಭದಲ್ಲಿ 45 ಮೆಗಾವ್ಯಾಟಿನಷ್ಟು ಶಾಖವನ್ನು ಹೊರಸಾಗಿಸಬೇಕಾಗುತ್ತದೆ.

ಭಾರತದ ಒತ್ತಡಯುಕ್ತ ಭಾರಜಲ ರಿಯಾಕ್ಟರುಗಳಲ್ಲಿ ಈ ಹೊಣೆಯನ್ನು ಮೊದಲಿಗೆ ಹೊರುವುದು ಪ್ರಾಥಮಿಕ ಶೀತಕ ಪಂಪು. ಸುಮಾರು 250ರಿಂದ 293 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಭಾರಜಲವನ್ನು ಅದು ಅಧಿಕ ಒತ್ತಡದಲ್ಲಿ ಸತತವಾಗಿ ಸುತ್ತಿಸುತ್ತದೆ. ವಿದ್ಯುತ್ ಕಡಿತವಾದಾಗ ಪಂಪು ಥಟ್ಟನೆ ನಿಲ್ಲದಂತೆ ಅದಕ್ಕೆ ಭಾರವಾದ ಫ್ಲೈವ್ಹೀಲ್ ಜೋಡಿಸಿರುತ್ತಾರೆ; ಅದರ ಜಡತ್ವದಿಂದ ಹರಿವು ನಿಧಾನವಾಗಿ ಇಳಿಯುತ್ತದೆ. ತಿರುಗುವ ದಂಡವು ಕವಚದಿಂದ ಹೊರಬರುವ ಜಾಗದಲ್ಲಿ ಸೀಲುಗಳಿರುತ್ತವೆ. ಭಾರಜಲ ದುಬಾರಿಯಾದದ್ದು, ಬಳಕೆಯಲ್ಲಿ ಟ್ರೀಷಿಯಂ ಎಂಬ ವಿಕಿರಣಶೀಲ ಅಂಶವನ್ನೂ ಕೂಡಿಸಿಕೊಳ್ಳುತ್ತದೆ. ಆದುದರಿಂದ ಸೀಲಿನ ಸಣ್ಣ ಸೋರಿಕೆಯೂ ನಷ್ಟದ ಜೊತೆಗೆ ಕಾರ್ಮಿಕರ ಆರೋಗ್ಯದ ಪ್ರಶ್ನೆಯಾಗುತ್ತದೆ.

ಬಾಯ್ಲರಿನಿಂದ ರಿಯಾಕ್ಟರಿಗೆ

ಕಾರ್ಖಾನೆ ತಪಾಸಣೆಯ ಆಧುನಿಕ ಪರಂಪರೆ ಬಾಯ್ಲರುಗಳಿಂದ ಆರಂಭವಾಯಿತು. 1905ರ ಮಾರ್ಚ್ 20ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ನಗರದ ಪಾದರಕ್ಷೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಇಂತಹ ದುರಂತಗಳ ಹಿನ್ನೆಲೆಯಲ್ಲಿ ಆ ದೇಶದ ಯಾಂತ್ರಿಕ ಎಂಜಿನಿಯರುಗಳ ಸಂಘವು 1911ರಲ್ಲಿ ಸಮಿತಿಯೊಂದನ್ನು ರಚಿಸಿ, 1914ರ ಆವೃತ್ತಿಯಾಗಿ ಬಾಯ್ಲರ್ ಸಂಹಿತೆಯನ್ನು ಹೊರತಂದಿತು. ತಯಾರಕನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯ ವ್ಯಕ್ತಿ ತಪಾಸಣೆ ಮಾಡಿ ಒಪ್ಪಿಗೆ ನೀಡುವ ಪದ್ಧತಿ ಈ ಸಂಹಿತೆಯ ಆಶ್ರಯದಲ್ಲಿ ನೆಲೆಗೊಂಡಿತು. ಇದೇ ಸಂಹಿತೆಗೆ 1963ರಲ್ಲಿ ಪರಮಾಣು ಪಾತ್ರೆಗಳಿಗೆ ಸಂಬಂಧಿಸಿದ ಮೂರನೆಯ ವಿಭಾಗ ಸೇರಿತು. ಆದರೆ ಮೊದಲಿಗೆ ಗಮನವೆಲ್ಲ ಒತ್ತಡ ಪಾತ್ರೆಯ ಮೇಲಿತ್ತು. ಪಂಪು ಮತ್ತು ಕವಾಟಗಳಿಗೆ 1968ರಲ್ಲಿ ಕರಡು ಸಂಹಿತೆ ಸಿದ್ಧವಾಗಿ, 1971ರ ಆವೃತ್ತಿಯಲ್ಲಿ ಅವು ಮೂರನೆಯ ವಿಭಾಗದೊಳಕ್ಕೆ ಬಂದವು.

ಅದೇ 1963ರಲ್ಲಿ ಸಂಭವಿಸಿದ ಇನ್ನೊಂದು ಘಟನೆಯನ್ನೂ ಇಲ್ಲಿ ಗಮನಿಸಬೇಕು. ಏಪ್ರಿಲ್ 10ರಂದು ಅಮೆರಿಕದ ಪರಮಾಣು ಜಲಾಂತರ್ಗಾಮಿ ಥ್ರೆಷರ್ 129 ಮಂದಿಯೊಡನೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಸಮುದ್ರಜಲದ ಕೊಳವೆ ವ್ಯವಸ್ಥೆಯ ವೈಫಲ್ಯವೇ ಸಂಭವನೀಯ ಕಾರಣವೆಂದು ವಿಚಾರಣೆಯಲ್ಲಿ ತಿಳಿಯಲಾಯಿತು. ಅದಕ್ಕೆ ಮುಂಚೆ ಹಡಗುಕಟ್ಟೆಯಲ್ಲಿ ಕೊಳವೆ ಬೆಸುಗೆಗಳಲ್ಲಿ 145ನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸಿದಾಗ ಶೇಕಡಾ 14ರಷ್ಟು ಮಾನದಂಡಕ್ಕಿಂತ ಕೆಳಗಿದ್ದುದು ಕಂಡುಬಂದಿತ್ತು. ಹಾಗಿದ್ದೂ ಉಳಿದ ಬೆಸುಗೆಗಳೆಲ್ಲವನ್ನೂ ಪರೀಕ್ಷಿಸದೆ ಹಡಗನ್ನು ಕಡಲಿಗೆ ಬಿಡಲಾಯಿತು. ದೋಷವನ್ನು ಕಂಡುಹಿಡಿಯುವ ವಿಧಾನ ಆಗಲೇ ಇತ್ತು. ಕಂಡ ದೋಷದ ಅರ್ಥವನ್ನು ಮುಂದುವರಿಸಿ, ಕೆಲಸವನ್ನು ತಡೆಹಿಡಿಯುವ ಅಧಿಕಾರ ಇರಲಿಲ್ಲ. ಈ ದುರಂತದ ತರುವಾಯ ಅಮೆರಿಕದ ನೌಕಾಪಡೆಯು ಜಲಾಂತರ್ಗಾಮಿಗಳ ಸುರಕ್ಷತೆಗಾಗಿ ಪ್ರತ್ಯೇಕ ಪ್ರಮಾಣೀಕರಣ ಯೋಜನೆಯನ್ನು ಜಾರಿಗೆ ತಂದಿತು.

ನಾಗರಿಕ ಸ್ಥಾವರಗಳ ಕ್ಷೇತ್ರದಲ್ಲಿ ನಿರ್ಣಾಯಕವಾದದ್ದು 1970ರ ಜೂನ್ 27ರಂದು ಅಮೆರಿಕದ ಪರಮಾಣು ಶಕ್ತಿ ಆಯೋಗ ಪ್ರಕಟಿಸಿದ 18 ಮಾನದಂಡಗಳ ಅನುಬಂಧ. ಗುಣಮಟ್ಟದ ಹೊಣೆ ಹೊತ್ತವರಿಗೆ ವೆಚ್ಚ ಮತ್ತು ಕಾಲಮಿತಿಯ ಒತ್ತಡಗಳಿಂದ ಸ್ವಾತಂತ್ರ್ಯವಿರಬೇಕು ಎಂಬುದು ಅದರ ಮೊದಲ ಮಾನದಂಡದಲ್ಲೇ ಸೇರಿದೆ. ಕೆಲಸ ಮಾಡಿದವರೇ ಅದನ್ನು ತಪಾಸಣೆ ಮಾಡಕೂಡದು, ಗೊತ್ತುಪಡಿಸಿದ ಹಂತದಲ್ಲಿ ತಪಾಸಕರ ಒಪ್ಪಿಗೆಯಿಲ್ಲದೆ ಕೆಲಸ ಮುಂದುವರಿಯಕೂಡದು, ಎಲ್ಲದರ ದಾಖಲೆ ಉಳಿಯಬೇಕು ಎಂಬ ನಿಯಮಗಳೂ ಅದರಲ್ಲಿವೆ. ‘ಗುಣಮಟ್ಟ ನಿಯಂತ್ರಣ’ವೆಂಬ ಪದದ ಜೊತೆಗೆ ‘ಗುಣಮಟ್ಟ ಭರವಸೆ’ ಎಂಬ ಪದವೂ ಬಳಕೆಗೆ ಬಂದುದರ ಹಿಂದೆ ಇಂತಹ ಅನುಭವಗಳ ಒತ್ತಡವಿತ್ತು.

ತಪಾಸಣೆಯ ಹಂತಗಳು

ಇಂತಹ ಪಂಪೊಂದರ ತಪಾಸಣೆ ಲೋಹವನ್ನು ಕರಗಿಸುವಲ್ಲಿಂದಲೇ ಮೊದಲಾಗುತ್ತದೆ. ಪ್ರತಿ ಎರಕಕ್ಕೂ ಗುರುತಿನ ಸಂಖ್ಯೆ ನೀಡಿ, ರಾಸಾಯನಿಕ ವಿಶ್ಲೇಷಣೆ ಮತ್ತು ಬಲಪರೀಕ್ಷೆಯ ಫಲಿತಾಂಶಗಳನ್ನು ಆ ಸಂಖ್ಯೆಗೆ ಜೋಡಿಸುತ್ತಾರೆ. ಕವಚದ ಒಳಗಿನ ಪೊಳ್ಳುಗಳನ್ನು ವಿಕಿರಣ ಚಿತ್ರಗಳಿಂದಲೂ, ಮೇಲ್ಮೈಯ ಬಿರುಕುಗಳನ್ನು ಬಣ್ಣದ ದ್ರವದಿಂದಲೂ ಹುಡುಕಲಾಗುತ್ತದೆ. ಎರಕದ ದೋಷವನ್ನು ಬೆಸುಗೆಯಿಂದ ಸರಿಪಡಿಸಿದ್ದರೆ ಆ ಜಾಗ, ಬೆಸುಗೆಗಾರನ ಅರ್ಹತೆ, ಬಳಸಿದ ಕಡ್ಡಿ, ಅನಂತರದ ಮರುಪರೀಕ್ಷೆ ಎಲ್ಲವೂ ದಾಖಲಾಗಬೇಕು. ತಿರುಗುವ ಭಾಗಗಳ ಸಮತೋಲವನ್ನು ಅಳೆದು, ಕವಚವನ್ನು ವಿನ್ಯಾಸದ ಒತ್ತಡಕ್ಕೂ ಮೀರಿದ ಜಲಒತ್ತಡಕ್ಕೆ ಗುರಿಪಡಿಸಿ, ಕೊನೆಯಲ್ಲಿ ಪೂರ್ಣ ಪಂಪನ್ನು ಓಡಿಸಿ ಹರಿವು, ಎತ್ತುವ ಬಲ, ಕಂಪನ, ಬೇರಿಂಗುಗಳ ಉಷ್ಣತೆ ಮತ್ತು ಸೀಲಿನ ಸೋರಿಕೆಯನ್ನು ನೋಡಲಾಗುತ್ತದೆ.

ಈ ಸರಣಿಯಲ್ಲಿ ಎರಡು ಬಗೆಯ ಹಂತಗಳಿವೆ. ಸಾಕ್ಷಿ ಹಂತದಲ್ಲಿ ಖರೀದಿದಾರರ ಪ್ರತಿನಿಧಿಯನ್ನು ಕರೆಯಲಾಗುತ್ತದೆ. ಆತ ಬಾರದಿದ್ದರೆ ಕೆಲಸ ಮುಂದುವರಿಯಬಹುದು. ತಡೆ ಹಂತದಲ್ಲಿ ಆತನ ಸಹಿಯಾಗುವವರೆಗೆ ಎಲ್ಲವೂ ನಿಲ್ಲಬೇಕು. ಕವಚವನ್ನು ಮುಚ್ಚಿದ ಮೇಲೆ ಒಳಗಿನ ಬೆಸುಗೆ ಕಾಣುವುದಿಲ್ಲ; ಸ್ಥಾವರ ಚಾಲನೆಗೊಂಡ ಮೇಲೆ ವಿಕಿರಣದ ಕಾರಣದಿಂದ ಪಂಪಿನ ಹತ್ತಿರ ಹೋಗುವುದೂ ಸುಲಭವಲ್ಲ. ಮುಂದೆ ಕಣ್ಣಿಗೆ ಬೀಳದಿರುವುದನ್ನು ಕಾಣುವ ಕಾಲದಲ್ಲೇ ನೋಡಿ ಬರೆದಿಡುವುದು ತಡೆ ಹಂತದ ತಾತ್ಪರ್ಯ.

ಭಾರತದ ಅನುಭವ

1969ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ತಾರಾಪುರ ಸ್ಥಾವರವನ್ನು ಅಮೆರಿಕದ ಸಂಸ್ಥೆ ಸಂಪೂರ್ಣವಾಗಿ ಕಟ್ಟಿಕೊಟ್ಟಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಕೆನಡಾದ ಸಹಕಾರವಿತ್ತು. 1974ರ ಮೇ 18ರ ಪೋಖರಣ್ ಪರೀಕ್ಷೆಯ ಬಳಿಕ ಕೆನಡಾ ಹಿಂದೆ ಸರಿಯಿತು. ಅಲ್ಲಿಂದ ಮುಂದೆ ಉಪಕರಣಗಳ ಜೊತೆಗೆ ಅವುಗಳನ್ನು ಅಳೆಯುವ ಮಾನದಂಡ, ವಿಧಾನ ಮತ್ತು ತಪಾಸಕರನ್ನೂ ದೇಶದೊಳಗೇ ಸಿದ್ಧಪಡಿಸಬೇಕಾಯಿತು. ಸಕ್ಕರೆ, ಸಿಮೆಂಟು, ರಸಗೊಬ್ಬರದ ಯಂತ್ರಗಳನ್ನು ಮಾಡಿ ರೂಢಿಯಿದ್ದ ಕಾರ್ಖಾನೆಗಳಿಗೆ ತಡೆ ಹಂತದ ಕಲ್ಪನೆಯೇ ಹೊಸದು. ಒಂದು ಎರಕ ತಿರಸ್ಕೃತವಾದರೆ ತಿಂಗಳುಗಳ ಶ್ರಮ ವ್ಯರ್ಥವಾಗುತ್ತಿತ್ತು. ಆ ನಷ್ಟವನ್ನು ಒಪ್ಪಿಕೊಳ್ಳುವುದೂ ಕಲಿಕೆಯ ಭಾಗವಾಗಿತ್ತು.

ಈ ಕಾಲಘಟ್ಟದ ನೇತೃತ್ವ ವಹಿಸಿದವರಲ್ಲಿ ಪ್ರಮುಖರಾದ ಎಂ.ಆರ್. ಶ್ರೀನಿವಾಸನ್ ಅವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1950ರಲ್ಲಿ ಯಾಂತ್ರಿಕ ಎಂಜಿನಿಯರಿಂಗ್ ಪದವಿ ಪಡೆದವರು. ತಾರಾಪುರ ಮತ್ತು ಮದರಾಸು ಯೋಜನೆಗಳಲ್ಲಿ ದುಡಿದು, 1987ರಲ್ಲಿ ಸ್ಥಾಪಿತವಾದ ಭಾರತೀಯ ಪರಮಾಣು ವಿದ್ಯುತ್ ನಿಗಮದ ಮೊದಲ ಅಧ್ಯಕ್ಷರಾದರು. 2025ರ ಮೇ ತಿಂಗಳಲ್ಲಿ ನಿಧನರಾದರು. ನಿಯಂತ್ರಣದ ಕಡೆಯಿಂದ 1983ರ ನವೆಂಬರ್ 15ರಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪಿತವಾಯಿತು. ಮಂಡಳಿಯು 1988ರಲ್ಲಿ ಗುಣಮಟ್ಟ ಭರವಸೆಯ ಸಂಹಿತೆಯನ್ನು ಹೊರತಂದು 2009ರಲ್ಲಿ ಪರಿಷ್ಕರಿಸಿತು.

ವಿನ್ಯಾಸದಲ್ಲೂ ಬದಲಾವಣೆಯಾಯಿತು. ರಾಜಸ್ಥಾನ ಮತ್ತು ಮದರಾಸಿನ ಆರಂಭಿಕ ಘಟಕಗಳಲ್ಲಿ ತಲಾ 8 ಪ್ರಾಥಮಿಕ ಪಂಪುಗಳಿದ್ದರೆ, ನರೋರಾದಿಂದ ಮುಂದಿನ 220 ಮೆಗಾವ್ಯಾಟ್ ಘಟಕಗಳಲ್ಲಿ ಅವು 4ಕ್ಕೆ ಇಳಿದವು. ಸಂಖ್ಯೆ ಇಳಿದಂತೆ ಒಂದೊಂದು ಪಂಪಿನ ಹೊಣೆಯೂ ಅದರ ತಪಾಸಣೆಯ ಭಾರವೂ ಏರಿದುದು ಸಹಜ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ 2000ದಿಂದ 2011ರ ನಡುವೆ ಕಾರ್ಯಾರಂಭ ಮಾಡಿದ ನಾಲ್ಕೂ ಘಟಕಗಳು ಈ ಮಾದರಿಯವು. ಅಲ್ಲಿಯ ಮೊದಲನೆಯ ಘಟಕವು 2018ರ ಡಿಸೆಂಬರ್ ಅಂತ್ಯಕ್ಕೆ 962 ದಿನಗಳ ನಿರಂತರ ಉತ್ಪಾದನೆಯನ್ನು ಪೂರೈಸಿತು; ಆ ಕಾಲಕ್ಕೆ ಅದು ವಿಶ್ವದಾಖಲೆ. ಪ್ರಾಥಮಿಕ ಪಂಪುಗಳ ಸೀಲು ಮತ್ತು ಬೇರಿಂಗುಗಳು ಬಾಳದೆ ಇಷ್ಟು ದೀರ್ಘ ಓಟ ಸಾಧ್ಯವಿಲ್ಲವಾದ ಕಾರಣ, ಇದನ್ನು ಹಲವು ವರ್ಷಗಳ ಹಿಂದೆ ಕಾರ್ಖಾನೆಗಳಲ್ಲಿ ನಡೆದ ತಪಾಸಣೆಯ ಫಲವೆಂದೂ ಓದಬಹುದು.

ನರೋರಾದ ಘಟನೆಯು ಇನ್ನೊಂದು ಪಾಠವನ್ನು ಕಲಿಸಿತು. 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿ, ಕೇಬಲುಗಳು ಸುಟ್ಟು, ಘಟಕವು ಸುಮಾರು 17 ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಉಳಿಯಿತು. ಪ್ರಾಥಮಿಕ ಪಂಪುಗಳು ನಿಂತವು. ಇಂಧನದ ಶಾಖ ಸಹಜ ಪರಿಚಲನೆಯಿಂದ ಹಬೆ ಉತ್ಪಾದಕಗಳಿಗೆ ತಲುಪಿತು. ಅವುಗಳಿಗೆ ನೀರುಣಿಸಿದ್ದು ಡೀಸೆಲ್ ಚಾಲಿತ ಅಗ್ನಿಶಾಮಕ ಪಂಪುಗಳು. ಸ್ಥಾವರದ ಅತ್ಯಂತ ಸಾಧಾರಣ ಪಂಪುಗಳೇ ಅಂದು ರಿಯಾಕ್ಟರನ್ನು ಕಾಪಾಡಿದವು. ತಪಾಸಣೆಯ ದರ್ಜೆಯನ್ನು ಪಂಪಿನ ಗಾತ್ರ ಅಥವಾ ಬೆಲೆಯಿಂದ ಅಳೆಯದೆ, ಆಪತ್ತಿನಲ್ಲಿ ಅದು ನಿರ್ವಹಿಸಬೇಕಾದ ಕಾರ್ಯದಿಂದ ನಿರ್ಣಯಿಸಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ತಪಾಸಣೆಯ ಮಿತಿಗಳು

ತಪಾಸಣೆ ಎಲ್ಲವನ್ನೂ ಕಾಯಬಲ್ಲದೆಂಬ ಭ್ರಮೆಗೆ ಇತಿಹಾಸ ಎಡೆಗೊಡುವುದಿಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಸಹಾಯಕ ಪಂಪುಗಳು ನಿರೀಕ್ಷೆಯಂತೆಯೇ ಚಾಲನೆಗೊಂಡವು. ಆದರೆ ಅವುಗಳ ಮುಂದಿನ ಕವಾಟಗಳು ಮುಚ್ಚಿದ್ದುದರಿಂದ ಮೊದಲ 8 ನಿಮಿಷ ನೀರು ಮುಂದೆ ಹೋಗಲಿಲ್ಲ. ಪಂಪು ನಿರ್ದೋಷವಾಗಿದ್ದರೂ ವ್ಯವಸ್ಥೆ ಸೋತಿತು. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ದಡದ ಸಮುದ್ರಜಲ ಪಂಪುಗಳನ್ನು ಸುನಾಮಿ ಹಾಳುಗೆಡವಿತು. ಅಲ್ಲಿ ಸೋತದ್ದು ನೆಲೆಯ ಆಯ್ಕೆಯೇ ಹೊರತು ಪಂಪಿನ ತಯಾರಿಕೆಯಲ್ಲ.

ಮತ್ತೊಂದು ಬಗೆಯ ಮಿತಿ ಚೀನಾದ ಸನ್‌ಮೆನ್ ಸ್ಥಾವರದ ಸಂದರ್ಭದಲ್ಲಿ ಕಾಣುತ್ತದೆ. ಅಲ್ಲಿಯ ರಿಯಾಕ್ಟರುಗಳಿಗೆ ದಂಡದ ಸೀಲೇ ಇಲ್ಲದ, ಮೋಟಾರು ಸಹ ಕವಚದೊಳಗೇ ಇರುವ ಪಂಪುಗಳನ್ನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತಯಾರಿಸಲಾಯಿತು. 60 ವರ್ಷಗಳ ಬಾಳಿಕೆಯನ್ನು ಉದ್ದೇಶಿಸಿದ್ದ ಈ ಪಂಪುಗಳ ಪರೀಕ್ಷೆಯಲ್ಲಿ ಮತ್ತೆ ಮತ್ತೆ ತೊಂದರೆಗಳು ಕಾಣಿಸಿಕೊಂಡವು. 2013ರಲ್ಲಿ ಇಂಪೆಲ್ಲರಿನ ಅಲಗಿನ ಚೂರೊಂದು ಮುರಿದಿರುವುದು ತಿಳಿದು, ಆಗಲೇ ಚೀನಾಕ್ಕೆ ತಲುಪಿದ್ದ ಪಂಪುಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಸರಿಪಡಿಸಿದ ಪಂಪುಗಳು ಬಂದದ್ದು 2015ರ ಕೊನೆಗೆ. ಮೊದಲ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2018ರ ಸೆಪ್ಟೆಂಬರಿನಲ್ಲಿ. ಇದನ್ನು ವಿಳಂಬದ ಕಥೆಯೆಂದು ಹೇಳುವವರುಂಟು. ಆದರೆ ದೋಷ ಪತ್ತೆಯಾದದ್ದು ರಿಯಾಕ್ಟರಿನೊಳಗೆ ಇಂಧನ ತುಂಬುವ ಮೊದಲು ಎಂಬುದನ್ನು ಮರೆಯಲಾಗದು. ಆದರೂ 2019ರಲ್ಲಿ ಎರಡನೆಯ ಘಟಕವು ಪಂಪಿನ ದೋಷದಿಂದಲೇ ತಿಂಗಳುಗಟ್ಟಲೆ ನಿಂತಿತು.

ಇವೆಲ್ಲಕ್ಕಿಂತ ಗಂಭೀರವಾದದ್ದು ದಾಖಲೆಯೇ ಸುಳ್ಳಾಗುವ ಅಪಾಯ. 2012ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಸರ್ಕಾರವು ಎಂಟು ಸರಬರಾಜುದಾರರು ಸುಮಾರು 60 ಗುಣಮಟ್ಟ ಪ್ರಮಾಣಪತ್ರಗಳನ್ನು ಖೋಟಾ ಮಾಡಿ, 7,000ಕ್ಕೂ ಹೆಚ್ಚು ಬಿಡಿಭಾಗಗಳನ್ನು ಪೂರೈಸಿದ್ದರೆಂದು ಪ್ರಕಟಿಸಿತು. ಯೊಂಗ್‌ಗ್ವಾಂಗ್‌ನ ಎರಡು ಘಟಕಗಳನ್ನು ನಿಲ್ಲಿಸಬೇಕಾಯಿತು. ಆ ಭಾಗಗಳಲ್ಲಿ ಬಹಳಷ್ಟು ಫ್ಯೂಸು, ಸ್ವಿಚ್ಚುಗಳಂತಹ ಸಣ್ಣ ವಸ್ತುಗಳು; ಅವೆಲ್ಲವೂ ಕೆಟ್ಟವೇ ಆಗಿದ್ದವೆಂದು ಹೇಳಲಾಗದು. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು. ಕಾಗದವನ್ನು ನಂಬಿ ಕಟ್ಟಿದ ವ್ಯವಸ್ಥೆಯಲ್ಲಿ ಕಾಗದ ಸುಳ್ಳಾದರೆ ನಿರ್ದೋಷವಾದ ಭಾಗವೂ ಸಂಶಯಕ್ಕೆ ಒಳಗಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತಪಾಸಣೆಯ ಪ್ರತಿಯೊಂದು ಮುಖ್ಯ ನಿಯಮದ ಹಿಂದೆಯೂ ಯಾವುದಾದರೊಂದು ವೈಫಲ್ಯದ ಅನುಭವವಿದೆ. ಯಂತ್ರ ಬದಲಾದಂತೆ ಪರೀಕ್ಷೆಯ ವಿಧಾನಗಳೂ ಬದಲಾಗಿವೆ. ಆದರೆ ಮೂರನೆಯ ವ್ಯಕ್ತಿಯ ನಿಷ್ಪಕ್ಷಪಾತ ಸಾಕ್ಷ್ಯ ಬೇಕೆಂಬ ಬಾಯ್ಲರ್ ಕಾಲದ ತತ್ತ್ವ ಬದಲಾಗಿಲ್ಲ. ಭಾರತದಲ್ಲಿ ನಿರ್ಬಂಧದ ವರ್ಷಗಳು ಈ ಸಾಕ್ಷ್ಯವನ್ನು ನಾವೇ ಸಿದ್ಧಪಡಿಸಿಕೊಳ್ಳುವುದನ್ನು ಕಲಿಸಿದವು. ಆ ಕಲಿಕೆಯ ಇತಿಹಾಸ ಕಾರ್ಖಾನೆಗಳ ತಪಾಸಣಾ ವರದಿಗಳಲ್ಲಿ, ತಿರಸ್ಕಾರದ ಟಿಪ್ಪಣಿಗಳಲ್ಲಿ, ನಿವೃತ್ತ ತಪಾಸಕರ ನೆನಪುಗಳಲ್ಲಿ ಚದುರಿಹೋಗಿದೆ. ಅವನ್ನು ಸಂಗ್ರಹಿಸಿ ಕಾಪಾಡುವ ಕಾರ್ಯವನ್ನು ಗ್ರಂಥಾಲಯಗಳೂ ಅಕಾಡೆಮಿಗಳೂ ಕೈಗೆತ್ತಿಕೊಳ್ಳಬೇಕು. ಒಪ್ಪಿತವಾದ ಪಂಪುಗಳ ಪಟ್ಟಿಯಷ್ಟೇ ಉಳಿದು, ತಿರಸ್ಕೃತವಾದವುಗಳ ಕಾರಣಗಳು ಕಳೆದುಹೋದರೆ ಮುಂದಿನ ಪೀಳಿಗೆಯ ಎಂಜಿನಿಯರು ಅದೇ ಪಾಠವನ್ನು ಮತ್ತೆ ನಷ್ಟದಿಂದಲೇ ಕಲಿಯಬೇಕಾಗುತ್ತದೆ.