ಕಿಣ್ವಕ್ಕೆ ಅಯಸ್ಕಾಂತದ ಬಾಲ

ಶುಕ್ರವಾರದ ರಜೆಯಲ್ಲಿ ಸಾಲ್ಮಿಯಾದ ನಿಮ್ಮ ಫ್ಲ್ಯಾಟಿನ ಅಡುಗೆಮನೆಗೆ ಇಣುಕಿದ್ದೀರಾ? ಮಟನ್ ಬೇಗ ಬೇಯಲೆಂದು ಅಮ್ಮ ಹಸಿ ಪರಂಗಿಕಾಯಿ ಅರೆದು ಹಚ್ಚುತ್ತಿರಬಹುದು. ಆ ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ, ಅಂದರೆ ಎನ್‌ಜೈಮ್, ಮಾಂಸದ ಪ್ರೋಟೀನನ್ನು ಕತ್ತರಿಸಿ ಮೆದು ಮಾಡುತ್ತದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳ ಹಾಕಿ ಬಯೋಕಾನ್ ತೆರೆದಾಗ ಮೊದಲು ಮಾಡಿ ಮಾರಿದ ಸರಕುಗಳಲ್ಲಿ ಈ ಪಪೇನೂ ಒಂದು.

ಕಿಣ್ವ ಕೆಲಸ ಮಾಡುವಾಗ ತಾನು ಖರ್ಚಾಗುವುದಿಲ್ಲ. ಆದರೆ ನೀರಿನಲ್ಲಿ ಕರಗಿದ ಮೇಲೆ ಅದನ್ನು ಹೆಕ್ಕಿ ತೆಗೆಯುವವರು ಯಾರು? ಮಟನ್ ಜೊತೆಗೇ ಬೆಂದು ಹೋದರೆ ಅಮ್ಮನಿಗೇನೂ ನಷ್ಟವಿಲ್ಲ. ಕಾರ್ಖಾನೆಯವರು ಮಾತ್ರ ಪ್ರತಿ ಸಲವೂ ದುಬಾರಿ ಬೆಲೆ ಕೊಟ್ಟು ಹೊಸದು ತರಬೇಕು.

ದಾರಿ ಆಕಸ್ಮಿಕವಾಗಿ ಕಂಡಿತ್ತು. 1916ರಲ್ಲಿ ಅಮೆರಿಕದ ನೆಲ್ಸನ್ ಮತ್ತು ಗ್ರಿಫಿನ್, ಸಕ್ಕರೆ ಒಡೆಯುವ ಕಿಣ್ವವೊಂದು ಇದ್ದಿಲಿಗೆ ಅಂಟಿಕೊಂಡ ಮೇಲೂ ಕೆಲಸ ಬಿಡದಿರುವುದನ್ನು ಕಂಡರು. ಅದನ್ನು ಉದ್ಯಮಕ್ಕೆ ತರಲು ಅರ್ಧ ಶತಮಾನ ಬೇಕಾಯಿತು! 1969ರಲ್ಲಿ ಜಪಾನಿನ ತನಾಬೆ ಕಂಪನಿಯ ಇಚಿರೊ ಚಿಬಾಟಾ ತಂಡ, ಸಣ್ಣ ಮಣಿಗಳಿಗೆ ಕಿಣ್ವ ಅಂಟಿಸಿ ಕೊಳವೆಯಲ್ಲಿ ತುಂಬಿತು. ಮೇಲಿಂದ ಕಚ್ಚಾ ದ್ರಾವಣ, ಕೆಳಗೆ ಅಮೈನೊ ಆಮ್ಲ. ಕಿಣ್ವ ಇದ್ದಲ್ಲೇ ಇತ್ತು. ಇದೇ ಉಪಾಯದಿಂದ ಜೋಳದ ಸಿಹಿಪಾಕ ಅಗ್ಗವಾಗಿ, 1984ರ ಹೊತ್ತಿಗೆ ಅಮೆರಿಕದ ಕೋಲಾಗಳಿಗೂ ಸೇರಿತು.

ಆದರೆ ದ್ರಾವಣದಲ್ಲಿ ತಿಪ್ಪೆ-ತರಿ ಇದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಸೋಸಿದರೆ ಕಸದ ಜೊತೆಗೆ ಮಣಿಗಳೂ ಉಳಿಯುತ್ತವೆ. ಚಿಕ್ಕವರಿದ್ದಾಗ ಮರಳಿನಲ್ಲಿ ಅಯಸ್ಕಾಂತ ಎಳೆದಾಡಿ ಕಪ್ಪು ಪುಡಿ ಎತ್ತಿದ್ದೀರಲ್ಲ? 1973ರಲ್ಲಿ ಲಂಡನ್ನಿನ ರಾಬಿನ್ಸನ್, ಡನಿಲ್, ಲಿಲ್ಲಿ ಪ್ರಕಟಿಸಿದ್ದು ಅದೇ ಬಗೆಯ ಉಪಾಯ. ಕಬ್ಬಿಣದ ಆಕ್ಸೈಡಿನ ಕಣಗಳಿಗೆ ಕಿಣ್ವ ಕಟ್ಟಿದರು. ಅಯಸ್ಕಾಂತ ಹಿಡಿದರೆ ಕಸದ ನಡುವಿನಿಂದಲೂ ಕಿಣ್ವ ಮಾತ್ರ ವಾಪಸ್.

ನ್ಯಾನೊ ಕಣಗಳು ಆಮೇಲಿನ ಮಾತು. ಒಂದು ಮಿಲಿಮೀಟರನ್ನು 1,00,000 ಪಾಲು ಮಾಡಿದರೆ ಒಂದು ಪಾಲು 10 ನ್ಯಾನೊಮೀಟರ್. ಅಷ್ಟು ಚಿಕ್ಕ ಕಣಗಳಲ್ಲಿ ಕಿಣ್ವಕ್ಕೆ ಸಿಗುವ ಜಾಗ ಹೆಚ್ಚು. ಅಯಸ್ಕಾಂತ ತೆಗೆದೊಡನೆ ಅವು ಸೆಳೆತ ಕಳೆದುಕೊಂಡು ಮತ್ತೆ ದ್ರಾವಣದಲ್ಲಿ ಹರಡುತ್ತವೆ. ನನಗೆ ತುಂಬಾ ಇಷ್ಟವಾದ ಗುಣ ಇದು.

ಹಾಗಂತ ಎಲ್ಲ ಸಲೀಸಲ್ಲ. ಆಮ್ಲ ಹೆಚ್ಚಾದರೆ ಕಬ್ಬಿಣದ ಆಕ್ಸೈಡ್ ಕರಗುತ್ತದೆ, ಅದಕ್ಕೇ ಸಿಲಿಕಾದ ಹೊದಿಕೆ ಕೊಡುತ್ತಾರೆ. ಪ್ರತಿ ಸುತ್ತಿಗೂ ಕಿಣ್ವದ ಕಸುವು ಸ್ವಲ್ಪ ಇಳಿಯುತ್ತದೆ. ಸಾವಿರಾರು ಲೀಟರಿನ ತೊಟ್ಟಿಗೆ ತಕ್ಕ ಅಯಸ್ಕಾಂತವೂ ಅಗ್ಗವಲ್ಲ. ಹಾಗಾಗಿ ದೊಡ್ಡ ಕಾರ್ಖಾನೆಗಳಲ್ಲಿ ಇವತ್ತಿಗೂ ಹೆಚ್ಚಾಗಿ ಕಾಣುವುದು ಚಿಬಾಟಾ ಮಾದರಿಯ ಕೊಳವೆಗಳೇ.